ಯಂತ್ರ ಓದದ ಸಾಲು

ನಮ್ಮ ಚೈತ್ರ ಗೆದ್ದುಬಿಟ್ಟಳು! ಅವಳು ಮಾಡಿದ ವೆಬ್‌ಸೈಟನ್ನು ಇನ್ನು ಮುಂದೆ ಬರುವ ಮಕ್ಕಳಿಗೆಲ್ಲ ಪಾಠವಾಗಿ ಇಟ್ಟುಕೊಳ್ಳುತ್ತಾರಂತೆ ಕಾಲೇಜಿನವರು. ಇವತ್ತು ಬೆಳಿಗ್ಗೆ ಅವಳ ಮೇಷ್ಟ್ರೇ ಫೋನು ಮಾಡಿ ಹೇಳಿದರು. ಬಿಡಿಸುತ್ತಿದ್ದ ಕೊತ್ತಂಬರಿ ಸೊಪ್ಪನ್ನು ಹಾಗೇ ಬಿಟ್ಟು ನಾನು ಬೀದಿಗೆ ಓಡಿದೆ. ಎದುರು ಮನೆಯವರಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಗುರುತು ಪರಿಚಯವಿಲ್ಲದ ಒಬ್ಬ ಆಟೋದವನಿಗೂ ನಿಲ್ಲಿಸಿ ಹೇಳಿದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ನಾನು. ನನ್ನ ಮೊಮ್ಮಗಳು ಬರೆದದ್ದನ್ನು ಕಾಲೇಜಿನ ಮಕ್ಕಳು ಕೂತು ಓದುತ್ತಾರೆ ಅಂದರೆ — ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ ಆ ಪಾಠದಲ್ಲಿ ಒಂದು ಸುಳ್ಳಿದೆ. ಬರೆದವಳು ಅವಳು, ಸುಳ್ಳು ನನ್ನದು. ನಾನು ಗೆಳತಿ ರುಕ್ಕಕ್ಕನ ಹಂಸವನ್ನು, ಅಂದರೆ ಅವಳು ಬರೆದ ಸೀರೆಯಂಚಿನ ಡಿಸೈನನ್ನು ಕದ್ದೆ. ಕದ್ದದ್ದಷ್ಟೇ ಅಲ್ಲ — ಅವಳೇ ಮೋಸ ಮಾಡಿದಳು ಅಂತ ಊರು ಆಡಿಕೊಳ್ಳುವಾಗ ಬಾಯಿ ಮುಚ್ಚಿಕೊಂಡು ಕೂತೆ. ಆ ಮಾತು ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲೆಲ್ಲ ಸುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದೂ ಹಾಗೇ ಸುತ್ತಲಿ.

ಮೊದಲು ಬೆಳಿಗ್ಗೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಸೊಸೆ ಸುಧಾ ಹೋಳಿಗೆಗೆ ಬೇಳೆ ಇಟ್ಟಿದ್ದಳು. ಚೈತ್ರ ಲ್ಯಾಪ್‌ಟಾಪನ್ನು ಅಡುಗೆಮನೆಗೇ ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟಳು.

"ಊರಿಗೆಲ್ಲ ಟಾಂ ಟಾಂ ಹೊಡ್ಕೊಂಡ್ ಬಂದ್ಯಲ್ಲ ಅಜ್ಜಿ, ನಾನ್ ಏನ್ ಮಾಡಿದ್ದೀನಿ ಅಂತಾದ್ರೂ ಗೊತ್ತಾ ನಿಂಗೆ?"

"ಕಂಪ್ಯೂಟರ್ ಮಾಡಿದ್ದೀಯ."

"ಅಯ್ಯೋ ದೇವ್ರೇ! ಕಂಪ್ಯೂಟರ್ ಅಪ್ಪ ಕೊಡ್ಸಿದ್ದು ಕಣಜ್ಜಿ. ಇಲ್ನೋಡು."

ಪರದೆಯ ಮೇಲೆ ಸೀರೆಯ ಅಂಚು ಮೂಡಿತು. ಸಾಲಾಗಿ ಹಂಸ, ಒಂದರ ಹಿಂದೆ ಒಂದು. ಆ ಹಂಸ ನನಗೆ ಗೊತ್ತಿತ್ತು. ಆದರೂ ಸಂತೋಷವೇ ಹೆಚ್ಚಿತ್ತು, ನಕ್ಕೆ.

"ಈ ಪೇಜು ಒಂದು ಸೀರೆ ಅಂದ್ಕೋ. ಎಲ್ರೂ ಇಲ್ಲಿ ಬಲಗಡೆ ಬಟನ್ ಒತ್ತಿ, ಸೋರ್ಸ್ ನೋಡ್ತೀನಿ ಅಂತಾರೆ. ಏನ್ ಕಾಣ್ಸುತ್ತೆ? ಸೀರೆ ತಿರುವಿ ಹಿಂಭಾಗ ನೋಡ್ದಂಗೆ. ನೂಲು ಎಲ್ಲೆಲ್ಲಿ ಹೋಗಿದೆ ಅಂತ ಗೊತ್ತಾಗುತ್ತೆ, ಅಷ್ಟೇ. ಆದ್ರೆ ಹಂಸ ಬರೋ ಹಾಗೆ ಮಾಡಿದ್ದು ಯಾವ್ದು?"

"ಕಾರ್ಡು."

"ಆ ಕಾರ್ಡು ಸೀರೆ ಜೊತೆ ಅಂಗ್ಡಿಗೆ ಹೋಗುತ್ತಾ?"

"ಎಲ್ಲಾದ್ರೂ ಹೋಗುತ್ತೇನೇ? ಮಗ್ಗದ ಮೇಲೇ ಇರುತ್ತೆ."

"ಹಾಂ! ಸ್ಕ್ರಿಪ್ಟು ಅನ್ನೋದೂ ಹಂಗೇ. ಸರ್ವರಲ್ಲೇ, ಅಂದ್ರೆ ಎಲ್ಲೋ ದೂರದ ಒಂದು ಕಂಪ್ಯೂಟರಲ್ಲೇ ಇರುತ್ತೆ. ಅಲ್ಲೇ ಓಡಿ, ನೇಯ್ದು ಮುಗ್ದಿದ್ದನ್ನ ಮಾತ್ರ ನಮ್ಗೆ ಕಳ್ಸುತ್ತೆ. ಸರ್ವರ್ ಯಾರ್ದೋ ಅವ್ರು ಒಪ್ಪಿ ತೋರ್ಸಿದ್ರೆ ಮಾತ್ರ ಸ್ಕ್ರಿಪ್ಟ್ ನೋಡ್ಬಹುದು."

ಮಗ್ಗ ಗೊತ್ತಿಲ್ಲದವರಿಗೆ ಒಂದು ಮಾತು. ಕಾರ್ಡು ಅಂದರೆ ಉದ್ದನೆಯ ರಟ್ಟಿನ ಪಟ್ಟಿ. ಅದರಲ್ಲಿ ತೂತು ಇದ್ದ ಕಡೆ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಅಂಥ ಪಟ್ಟಿಗಳನ್ನು ಒಂದಕ್ಕೊಂದು ದಾರದಲ್ಲಿ ಹೊಲಿದು ಮಾಲೆ ಮಾಡಿ ಮಗ್ಗದ ಮೇಲೆ ಹಾಕಿದರೆ ಸೀರೆಯಲ್ಲಿ ಹೂವೋ ಹಂಸವೋ ಬರುತ್ತದೆ. ಚೈತ್ರ ನಮ್ಮ ಅಟ್ಟದಲ್ಲಿದ್ದ ಹಳೆಯ ಹಂಸದ ಕಾರ್ಡುಗಳನ್ನು ಇಳಿಸಿ, ತೂತಿಗೊಂದು ಅಂಕಿ, ತೂತಿಲ್ಲದ್ದಕ್ಕೊಂದು ಅಂಕಿ ಅಂತ ತನ್ನ ಸ್ಕ್ರಿಪ್ಟಿಗೆ ಬರೆದುಕೊಂಡಿದ್ದಳು. ಪೇಜಿನ ಕೆಳಗೆ ಒಂದು ಗುಂಡಿ ಇಟ್ಟಿದ್ದಳು — "ಇದನ್ನು ಮಾಡಿದ್ದು ಹೇಗೆ?" ಅಂತ. ಒತ್ತಿದರೆ ಸರ್ವರಿನೊಳಗಿನ ಆ ಸ್ಕ್ರಿಪ್ಟೇ ತೆರೆದುಕೊಳ್ಳುತ್ತದೆ. ಯಾರು ಬೇಕಾದರೂ ಓದಿ ಕಲಿಯಬಹುದು. "ಎಲ್ಲಾ ತೆರೆದಿಟ್ಟರೆ ಪಾಸ್‌ವರ್ಡೂ ಕಾಣುತ್ತಲ್ಲಮ್ಮ" ಅಂತ ಮೇಷ್ಟ್ರು ಮೊದಲು ಬೈದರಂತೆ. ಅವಳು ಪಾಸ್‌ವರ್ಡಿನ ಫೈಲನ್ನು ಬೇರೆ ಕಡೆ ಇಟ್ಟು, ತಾನು ಹೆಸರು ಬರೆದ ಫೈಲುಗಳು ಮಾತ್ರ ತೆರೆಯುವ ಹಾಗೆ, ಇನ್ನೊಂದು ಕೇಳಿದರೆ ಇಲ್ಲ ಅನ್ನುವ ಹಾಗೆ ಮಾಡಿದ ಮೇಲೆ ಅವರಿಗೆ ಸಮಾಧಾನವಾಯಿತಂತೆ.

ಅವಳು ಗುಂಡಿ ಒತ್ತಿದಳು. ಪರದೆಯ ತುಂಬ ಇಂಗ್ಲಿಷು, ಆವರಣ, ಚುಕ್ಕೆ, ಡಾಲರ್ ಗುರುತು. ನನಗೆ ಇರುವೆ ಸಾಲು ಕಂಡ ಹಾಗೆ ಕಂಡಿತು. ಅದರ ನಡುವೆ ಒಂದೇ ಒಂದು ಸಾಲು ಕನ್ನಡ. ಕನ್ನಡಕ ಸರಿಮಾಡಿಕೊಂಡು ಓದಿದೆ. "ಈ ಹಂಸದಂಚನ್ನು ಕಟ್ಟಿದವರು ನಮ್ಮ ತಾತ. ಈ ಪಾಠ ಅವರಿಗೆ."

"ಮುಂದೆ ಎರಡು ಓರೆಗೆರೆ ಇದೆಯಲ್ಲ, ಅಂಥ ಸಾಲನ್ನ ಮಿಷನ್ ಓದಲ್ಲ ಅಜ್ಜಿ. ದಾಟ್ಕೊಂಡು ಹೋಗುತ್ತೆ. ಪೇಜಲ್ಲೂ ಬರಲ್ಲ. ಒಳಗೆ ಬಂದು ಓದೋ ಮನುಷ್ಯರಿಗೆ ಅಂತಲೇ ಬರೆಯೋದು ಅದು."

ಒಲೆಯ ಮುಂದೆ ನಿಂತಿದ್ದ ಸುಧಾ ಕಣ್ಣೊರೆಸಿಕೊಂಡಳು. ಚೈತ್ರ ನನ್ನ ಭುಜಕ್ಕೆ ಗಲ್ಲ ಇಟ್ಟು ಇನ್ನೂ ಹೇಳಿದಳು. "ಹಂಸದ ಕೊರಳಲ್ಲಿ ಒಂದು ಚುಕ್ಕೆ ಇದೆ ನೋಡು. ನಾನೇ ತಪ್ಪು ಟೈಪ್ ಮಾಡ್ಬಿಟ್ಟೆ ಅಂತ ಕಾರ್ಡ್ ತೆಗ್ದು ನೋಡಿದ್ರೆ ತೂತು ಅಲ್ಲೇ ಇದೆ! ತಾತ ಬೇಕಂತ್ಲೇ ಹಾಕಿರ್ಬೇಕು ಅಲ್ವಾ, ಸರ ಹಾಕ್ದಂಗೆ?"

"ಹೂಂ" ಅಂದೆ.

ಇಷ್ಟು ವರ್ಷ ಹೂಂ ಅಂದೇ ಬದುಕಿದ್ದೆ. ಇವತ್ತಿನದನ್ನು ಮಾತ್ರ ಅಂದ ಕೂಡಲೇ ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತು. ಮಗುವಿನ ಕೆಲಸ ಅದು. ಊರ ಮಕ್ಕಳು ವರ್ಷ ವರ್ಷ ಓದುವ ಪಾಠ. ಅದರೊಳಗೆ ನನ್ನ ಸುಳ್ಳನ್ನು ತನ್ನ ಕೈಯಾರೆ, ಪ್ರೀತಿಯಿಂದ ಬರೆದಿಟ್ಟಿದ್ದಾಳೆ. ಈಗ ಹೇಳದಿದ್ದರೆ ನಾಳೆಯಿಂದ ಅವಳೂ ಅದರಲ್ಲಿ ಪಾಲುಗಾರಳು. ಹೇಳಿದರೆ — ಗೋಡೆಯ ಮೇಲಿನ ಫೋಟೋದಲ್ಲಿರುವ ಅವಳ ತಾತ, ಅವಳ ಇವತ್ತಿನ ನಗು, ನನ್ನ ಮೇಲೆ ಅವಳಿಗಿರುವ...

ರುಕ್ಕಕ್ಕ, ಅಂದರೆ ರುಕ್ಮಿಣಿಯಮ್ಮ, ಆಗ ನಮ್ಮ ಹಿಂದಿನ ಬೀದಿಯಲ್ಲಿದ್ದಳು. ಡಿಸೈನು ಬರೆದು, ಕಾರ್ಡಿಗೆ ತೂತು ಹೊಡೆದು ಕೊಡುವುದು ಅವಳ ಕೆಲಸ. ಆ ಕೆಲಸಕ್ಕೆ ಕೈಚಳಕ ಎಷ್ಟು ಮುಖ್ಯವೋ ಬಾಯಿಬಿಗಿಯೂ ಅಷ್ಟೇ. ಒಬ್ಬ ಸಾಹುಕಾರರಿಗೆ, ಅಂದರೆ ಮಗ್ಗಗಳ ಮಾಲೀಕರಿಗೆ, ಅಂತ ಹೊಡೆದ ಡಿಸೈನನ್ನು ಇನ್ನೊಬ್ಬರ ಮಗ್ಗಕ್ಕೆ ಕೊಡಬಾರದು. ಅವಳು ಹೊಡೆದ ಕಾರ್ಡುಗಳನ್ನು ಮಾಲೆ ಹೊಲಿಯುವುದಕ್ಕೆ ನನಗೆ ಕೊಡುತ್ತಿದ್ದಳು. ನನಗೊಬ್ಬಳಿಗೇ. ಮಿಕ್ಕ ಹೆಂಗಸರು ಕೇಳಿದರೆ "ಸರೋಜ ಇದ್ದಾಳಲ್ಲ" ಅನ್ನುತ್ತಿದ್ದಳು.

ಆ ಹಂಸ ಬಂದಾಗ — ಏನು ಹೇಳಲಿ. ಹೊಲಿಯಲು ಕೂತವಳು ಪಟ್ಟಿಗಳನ್ನು ನೆಲದ ಮೇಲೆ ಹರಡಿ ನೋಡುತ್ತಲೇ ಇದ್ದೆ. ತೂತುಗಳಲ್ಲೇ ಹಂಸದ ಬೆನ್ನು ಕಾಣುತ್ತಿತ್ತು. ನಮ್ಮ ಮಗ್ಗದಲ್ಲಿ ಅದೇ ಹಳೇ ಮಾವಿನಕಾಯಿ ಅಂಚು ಓಡುತ್ತಿತ್ತು. ನನಗೆ ಈ ಹಂಸ ಬೇಕು ಅನ್ನಿಸಿತು. ಅಷ್ಟೇ. ಮನೆಯಲ್ಲಿ ಕಷ್ಟವಿತ್ತು, ಮಕ್ಕಳು ಚಿಕ್ಕವು ಅಂತೆಲ್ಲ ಹೇಳಬಹುದು. ರುಕ್ಕಕ್ಕನ ಮನೆಯಲ್ಲೂ ಅದೆಲ್ಲ ಇತ್ತು. ದಾರ ಮುಗಿದಿದೆ ಅಂತ ಅವಳಿಗೆ ಹೇಳಿ ಕಾರ್ಡುಗಳನ್ನು ಮನೆಯಲ್ಲೇ ಇಟ್ಟುಕೊಂಡೆ. ಮಧ್ಯಾಹ್ನ ಕರೆಂಟು ಹೋದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ಆ ಹೊತ್ತಿನಲ್ಲಿ, ನಮ್ಮ ಯಜಮಾನರು ಆಚೆ ಹೋದಾಗ, ಅವಳ ಕಾರ್ಡನ್ನು ಖಾಲಿ ರಟ್ಟಿನ ಮೇಲಿಟ್ಟು ತೂತು ತೂತಿಗೂ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಹರಿದ ಕಾರ್ಡು ಸರಿಮಾಡಲು ಮನೆಯಲ್ಲಿದ್ದ ಉಳಿಯಲ್ಲಿ ತೂತು ಹೊಡೆದೆ. ಒಂದು ಗುರುತೂ ಬಿಡಲಿಲ್ಲ.

ಯಜಮಾನರು ಹೊಸ ಮಾಲೆ ನೋಡಿ ಕೇಳಿದ್ದು ಒಂದೇ ಮಾತು. "ರುಕ್ಮಿಣಿ ಒಪ್ಪಿ ಕೊಟ್ಲಾ?"

"ಹೂಂ."

ನಮ್ಮ ಸೀರೆ ಅಂಗಡಿ ಸೇರಿತು. ಹಂಸದ ಕೊರಳಲ್ಲಿ ಚುಕ್ಕೆ ಇದೆ, ಸರ ಹಾಕಿದ ಹಾಗಿದೆ ಅಂತ ಕೊಳ್ಳುವವರು ಅದನ್ನೇ ಕೇಳಿ ಕೇಳಿ ಒಯ್ದರು. ಸ್ವಲ್ಪ ದಿನಕ್ಕೆ ಆ ಡಿಸೈನು ಮಾಡಿಸಿದ ಸಾಹುಕಾರರು ನಮ್ಮ ಬಾಗಿಲಿಗೇ ಬಂದರು. ಯಜಮಾನರು ಇರಲಿಲ್ಲ. ಅಕ್ಕಪಕ್ಕದವರು ಹೊಸ್ತಿಲಿಗೆ ಬಂದು ನಿಂತರು.

"ನೋಡಮ್ಮಾ, ನಿಮ್ಮೇಲೆ ಕೋಪ ಇಲ್ಲ. ಈ ಹಂಸ ನಿಮ್ಮನೆಗೆ ರುಕ್ಮಿಣಿ ಕೊಟ್ಟಿದ್ದಾ? ಅದೊಂದು ಹೇಳ್ಬಿಡಿ."

ಅವಳು ಕೊಡಲಿಲ್ಲ ಅಂದರೆ ನಾನು ಕದ್ದ ಹಾಗೆ. ಕೊಟ್ಟಳು ಅಂದರೆ ಸುಳ್ಳು ಹೇಳಿದ ಹಾಗೆ. ನಾನು ಎರಡೂ ಹೇಳಲಿಲ್ಲ. ತಲೆ ತಗ್ಗಿಸಿ ಅಂದೆ —

"ಅವಳ್ನೇ ಕೇಳಿ ಅಣ್ಣಾ."

ಇಷ್ಟೇ ಮಾತು. ಸುಳ್ಳಲ್ಲ ಅಂತ ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ! ಆದರೆ ಆ ತಲೆ ತಗ್ಗಿಸಿದ್ದು, ಆ ದನಿ... ಗೆಳತಿಯನ್ನು ಬಿಟ್ಟುಕೊಡಲಾರದೆ ಒದ್ದಾಡುವವಳ ಹಾಗೆ ನಿಂತಿದ್ದೆ. ಕೇಳಿದವರೆಲ್ಲ ಅವಳೇ ಎರಡು ಕಡೆ ಮಾರಿದ್ದಾಳೆ ಅಂತ ತಿಳಿದರು. ಸಾಹುಕಾರರು ಅವಳಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಅವರನ್ನು ನೋಡಿ ಇನ್ನೊಬ್ಬರು. ಕೈ ಚೆನ್ನಾಗಿದೆ, ನಂಬಿಕೆ ಇಲ್ಲ — ಇದು ಅವಳಿಗೆ ಅಂಟಿದ ಮಾತು. ರುಕ್ಕಕ್ಕ ಡಿಸೈನು ಬರೆಯುವುದನ್ನು ಬಿಟ್ಟು ಗಾರ್ಮೆಂಟ್ಸಿನ ಬಸ್ಸು ಹತ್ತಿದಳು. ಬೀದಿ ಕೊನೆಯಲ್ಲಿ ಬುತ್ತಿ ಚೀಲ ಹಿಡಿದು ನಿಂತವಳನ್ನು ಕಂಡರೆ ನಾನು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದೆ. ನಮ್ಮ ಯಜಮಾನರೂ ಪಾಪ, "ಕೊಟ್ಟ ಮಾತು ತಪ್ಪಬಾರ್ದಾಗಿತ್ತು ರುಕ್ಮಿಣಿ" ಅಂತ ಕೊನೆಯವರೆಗೂ ಅಂದುಕೊಂಡೇ ಹೋದರು. ಒಳ್ಳೆಯವರ ಮನಸ್ಸಿನಲ್ಲೂ ಅವಳಿಗೆ ಮಸಿ ಬಳಿದವಳು ನಾನು.

ಅವರು ತೀರಿಕೊಂಡ ಮೇಲೆ ಮಗ ಮಂಜು ಕೇಳಿದ. "ಅಮ್ಮ, ಹಂಸದ ಡಿಸೈನ್ ಅಪ್ಪಂದಾ?" ಆಗಲೂ ಹೂಂ ಅಂದೆ. ಸತ್ತವರು ಇಲ್ಲ ಅನ್ನಲಿಲ್ಲ.

ಬೆಳಿಗ್ಗೆ ಆ ಸಾಲು ಓದಿದ ಮೇಲೆ ಅಡುಗೆಮನೆಯಲ್ಲಿ ಕೂರಲಾಗಲಿಲ್ಲ. ದೇವಸ್ಥಾನಕ್ಕೆ ಅಂತ ಸುಧಾಗೆ ಹೇಳಿ — ನೋಡಿ, ನಿಜ ಹೇಳಲು ಹೊರಟವಳು ಅದಕ್ಕೂ ಒಂದು ಸುಳ್ಳು ಹೇಳಿದೆ — ಆಟೋ ಹಿಡಿದೆ. ರುಕ್ಕಕ್ಕ ಈಗ ಮಗಳ ಮನೆಯಲ್ಲಿದ್ದಾಳೆ, ರಾಜಘಟ್ಟದ ಕಡೆ. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರು, ಸರೋಜಾನಾ? ದಾರಿ ತಪ್ಪಿ ಬಂದ್ಯಾ?"

"ಇಲ್ಲ ಅಕ್ಕಾ. ನಿನ್ ಹತ್ರಾನೇ ಬಂದೆ."

"ಇಷ್ಟ್ ವರ್ಷಕ್ಕೆ ನೆನಪಾಯ್ತು. ಯಾರ ಮದ್ವೆ?"

"ಮದ್ವೆ ಅಲ್ಲ. ಅಕ್ಕಾ, ಆ ಹಂಸ — ನಾನೇ. ನೀನು ಹೊಲಿಯೋಕೆ ಕೊಟ್ಟಾಗ ನಾನೇ ನಕಲು ಮಾಡ್ಕೊಂಡೆ. ಸಾಹುಕಾರ್ರು ಕೇಳ್ದಾಗ..."

ಅವಳು ಸುಲಿಯುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

"ಗೊತ್ತಿತ್ತು ಕಣೇ."

"ಗೊತ್ತಿತ್ತಾ?"

"ಹಂಸದ ಕತ್ತಲ್ಲಿ ಚುಕ್ಕೆ ಬಂತಲ್ಲ ನಿಮ್ ಸೀರೇಲಿ. ಅದು ನನ್ ಕೈ ಜಾರಿ ಬಿದ್ದ ತೂತು. ನಿಂಗೆ ಕೊಟ್ಮೇಲೆ ನೆನಪಾಯ್ತು. ಕಾರ್ಡ್ ವಾಪಸ್ ಬಂದ್ಮೇಲೆ ಕಾಗದ ಅಂಟ್ಸಿ ಮುಚ್ಚಿ ಸಾಹುಕಾರ್ರಿಗೆ ಕೊಟ್ಟೆ. ಅವರ ಸೀರೇಲಿ ಚುಕ್ಕೆ ಇಲ್ಲ. ನಿಮ್ದ್ರಲ್ಲಿ ಇದೆ. ನಾನೇ ಮಾರಿದ್ರೆ ತಪ್ಪಿರೋದನ್ನ ಮಾರ್ತೀನೇನೇ? ಕಾರ್ಡು ನಿನ್ ಮನೇಲಿ ಇದ್ದಾಗ್ಲೇ ನಕಲು ಆಗಿರ್ಬೇಕು."

ನನ್ನ ಕಳ್ಳತನ ಅಂಗಡಿ ಅಂಗಡಿಯಲ್ಲಿ ನೇತಾಡುತ್ತಿತ್ತು. ಜನ ಅದನ್ನೇ ಚಂದ ಅಂತ ಕೊಂಡು ಉಟ್ಟರು. ನಾನೂ ಉಟ್ಟಿದ್ದೆ, ಮಂಜುವಿನ ಮದುವೆಗೆ.

"ಮತ್ತೆ ಯಾಕಕ್ಕಾ ಹೇಳ್ಲಿಲ್ಲ?"

ಆಗ ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಹೇಳ್ದೆ. ಸಾಹುಕಾರ್ರಿಗೆ ಎರಡು ಸೀರೆ ಪಕ್ಕ ಪಕ್ಕ ಇಟ್ಟು ತೋರ್ಸಿದೆ. ‘ಹಂಗಾದ್ರೆ ಸರೋಜಮ್ಮನೇ ಒಂದ್ ಮಾತು ಹೇಳ್ಲಿ, ನಾನು ಒಪ್ತೀನಿ’ ಅಂದ್ರು. ನಾನು ಮನೆಗ್ ಬಂದು ಕೂತ್ಕೊಂಡೆ. ಸರೋಜ ಹೇಳ್ತಾಳೆ, ಇವತ್ತಲ್ಲ ನಾಳೆ ಹೇಳ್ತಾಳೆ ಅಂತ. ನೀನು ಹೇಳ್ತೀಯ ಅಂತ ಕಾಯ್ತಿದ್ದೆ ಕಣೇ."

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಅದೆಲ್ಲ ಬೇಡ. ನಂಗ್ ಬಂದ್ ಹೇಳಿ ಏನ್ ಉಪಯೋಗ? ನಂಗ್ ಗೊತ್ತಿರೋದೇ ಅಲ್ವಾ? ಗೊತ್ತಿಲ್ದವ್ರಿಗೆ ಹೋಗ್ ಹೇಳು."

ಕಾಫಿ ಕುಡಿ ಅನ್ನಲಿಲ್ಲ, ಹೋಗು ಅಂತಲೂ ಇನ್ನೊಮ್ಮೆ ಅನ್ನಲಿಲ್ಲ. ಮತ್ತೆ ಮೊರ ಎಳೆದುಕೊಂಡಳು. ಕ್ಷಮಿಸಿದಳು ಅಂತ ಬರೆಯಲು ನನಗೆ ಆಸೆಯಿದೆ. ಅವಳು ಹಾಗೆ ಹೇಳಲಿಲ್ಲ.

ಸಂಜೆಗೆ ಮನೆ ತುಂಬಿತ್ತು. ಮಂಜು ಮಗ್ಗ ಬೇಗ ನಿಲ್ಲಿಸಿ ಬಂದಿದ್ದ. ಅಪ್ಪನ ಫೋಟೋಗೆ ದಪ್ಪ ಮಲ್ಲಿಗೆ ಹಾರ ಹಾಕಿದ್ದ. ನೆಲದ ಮೇಲೆ ಸಾಲಾಗಿ ಎಲೆ ಹಾಕಿ ಸುಧಾ ಹೋಳಿಗೆ, ಕೋಸಂಬರಿ, ಹೋಳಿಗೆ ಸಾರು ಎಲ್ಲ ಬಡಿಸಿದಳು. ಚೈತ್ರ ಮೊದಲ ತುತ್ತು ನನಗೆ ತಿನ್ನಿಸಲು ಕೈ ಚಾಚಿದಳು. ನಾನು ಆ ಕೈಯನ್ನು ಹಿಡಿದು ಕೆಳಗಿಳಿಸಿದೆ.

"ಮೊದ್ಲು ಒಂದ್ ಮಾತು ಕೇಳ್ರಪ್ಪಾ" ಅಂದೆ. ಎಲ್ಲ ಹೇಳಿದೆ. ಪೆನ್ಸಿಲು, ಉಳಿ, ಸಾಹುಕಾರರು, ತಲೆ ತಗ್ಗಿಸಿ ನಾನು ಆಡಿದ ಮಾತು. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿರಲಿಲ್ಲ ಅನ್ನುವುದನ್ನೂ.

ಮಂಜುವಿನ ಮುಖ ಕೆಂಪಾಯಿತು. "ಇವತ್ತೇ ಹೇಳ್ಬೇಕಿತ್ತೇನಮ್ಮಾ? ಮಗು ಖುಷಿಯಾಗಿರೋ ದಿನಾನೇ? ಅಪ್ಪಂಗೆ ಕಳ್ಳ ಅನ್ನೋ ಹೆಸ್ರು ಬರುತ್ತೆ, ಗೊತ್ತಾ?"

"ಬರಲ್ಲ. ನಿಮ್ಮಪ್ಪಂಗೂ ನಾನು ಸುಳ್ಳೇ ಹೇಳಿದ್ದು. ಹೆಸ್ರು ನಂದು ಬರ್ಲಿ."

ಅವನು ಎಲೆಯ ಮುಂದಿನಿಂದ ಏಳಲು ಹೋದ. ಸುಧಾ ಮೆಲ್ಲಗೆ "ಕೂತ್ಕೊಳ್ರೀ" ಅಂದಳು. ಕೂತ. ನನ್ನ ಕಡೆ ನೋಡಲಿಲ್ಲ.

ನಾನು ಚೈತ್ರಳನ್ನೇ ನೋಡುತ್ತಿದ್ದೆ. ಅಳುತ್ತಾಳೆ ಅಂದುಕೊಂಡಿದ್ದೆ, ಬೈದರೂ ಬೈಯಲಿ ಅಂದುಕೊಂಡಿದ್ದೆ. ಅವಳು ಎದ್ದು ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಅಳಿಸಿದಳು. ಜಾಗ ಖಾಲಿ ಬಿಟ್ಟಳು.

"ರುಕ್ಮಿಣಿ ಅಂತ ಬರೀಯಲ್ವಾ ಮಗಾ?"

"ಅವ್ರನ್ನ ಕೇಳ್ದೆ ಹೆಂಗ್ ಬರೀಲಿ ಅಜ್ಜಿ? ಅವ್ರ ಡಿಸೈನ್ ಹಾಕಿರೋದೇ ಕೇಳ್ದೆ." ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ನಾಳೆ ನನ್ನ ಕರ್ಕೊಂಡ್ ಹೋಗು. ಹಾಕ್ಬಹುದಾ ಅಂತ ಕೇಳ್ತೀನಿ. ಬೇಡ ಅಂದ್ರೆ ಹಂಸಾನೇ ತೆಗೀತೀನಿ. ಮೇಷ್ಟ್ರು ಪಾಠ ಬೇಡ ಅಂದ್ರೂ ಪರ್ವಾಗಿಲ್ಲ."

ನನಗೆ ಇದು ತೋಚಿರಲಿಲ್ಲ. ಅಂದೂ ತೋಚಿರಲಿಲ್ಲ. ಅಕ್ಕಾ, ಈ ಹಂಸ ನನಗೂ ಒಂದು ಹೊಡೆದುಕೊಡುತ್ತೀಯಾ ಅಂತ ಕೇಳಿದ್ದರೆ ಅವಳು ಇಲ್ಲ ಅನ್ನುತ್ತಿದ್ದಳು. ಇನ್ನೊಂದು ಬರೆದುಕೊಡುತ್ತೇನೆ ಅನ್ನುತ್ತಿದ್ದಳೋ ಏನೋ. ಕೇಳಿದ್ದರೆ ತಾನೆ.

"ಹೋಗೋಣ" ಅಂದೆ. "ಅವಳು ಬಾಗಿಲು ಹಾಕ್ಕೊಂಡ್ರೂ ನಿಂತಿರೋಣ."

ಹೋಳಿಗೆ ಆರಿತ್ತು. ಸುಧಾ ಒಬ್ಬೊಬ್ಬರ ಎಲೆಗೂ ಬಿಸಿ ತುಪ್ಪ ಹಾಕುತ್ತಾ ಬಂದಳು. ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತಳು, ಆಮೇಲೆ ಹಾಕಿದಳು. ಮಂಜು ತಲೆ ಎತ್ತದೆ ಸಾರನ್ನ ಕಲಸಿಕೊಂಡ. ಚೈತ್ರ ನನಗೆ ಮತ್ತೆ ತುತ್ತು ಚಾಚಲಿಲ್ಲ. ಆದರೆ ಎದ್ದು ಬೇರೆ ಕಡೆಗೂ ಹೋಗಲಿಲ್ಲ, ನನ್ನ ಪಕ್ಕದಲ್ಲೇ ಕೂತು ಊಟಕ್ಕೆ ಕೈ ಹಾಕಿದಳು. ಎಲ್ಲರೂ ಉಂಡೆವು.